ಬಿಚ್ಚುವ ಮುನ್ನ

ಹಳೆಯ ಮಾರುತಿ 800ರ ಎಂಜಿನ್ ಬಿಚ್ಚಬೇಕಾದಾಗ ಒಳ್ಳೆಯ ಮೆಕ್ಯಾನಿಕ್ ಮೊದಲು ಸ್ಪ್ಯಾನರ್ ಹಿಡಿಯುವುದಿಲ್ಲ, ಬ್ರಷ್ ಹಿಡಿಯುತ್ತಾನೆ. ಎಂಜಿನ್ ಪೂರ್ತಿ ತಣಿಯಲಿ ಎಂದು ಕಾಯುತ್ತಾನೆ. ಬ್ಯಾಟರಿಯ ವೈರ್ ಕಳಚಿ, ಡಿಸ್ಟ್ರಿಬ್ಯೂಟರಿಗೂ ಕಾರ್ಬ್ಯುರೇಟರಿನ ಬಾಯಿಗೂ ಪ್ಲಾಸ್ಟಿಕ್ ಕಟ್ಟಿ, ಕೆಳಗೊಂದು ಟ್ರೇ ಇಟ್ಟು, ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜತೊಡಗುತ್ತಾನೆ. ಆ ಟ್ರೇ ಇಡುವವನ ಮೇಲೆ ನನಗೆ ವಿಶೇಷ ಗೌರವ. ಅಷ್ಟು ಕೊಳೆ ಚರಂಡಿ ಸೇರುವುದು ತಪ್ಪಿತಲ್ಲ.

ಜಿಡ್ಡು ಕರಗಿ ಇಳಿಯುವುದನ್ನು ಎಷ್ಟು ಹೊತ್ತು ನೋಡಿದರೂ ನನಗೆ ಸಾಲದು. ಕರಾವಳಿಯ ಕೆಂಪು ಧೂಳು, ಗದಗದ ಕಡೆಯ ಎರೆಮಣ್ಣು, ಎಲ್ಲವೂ ಜಿನುಗಿದ ಎಣ್ಣೆಗೆ ಅಂಟಿ ಒಂದೇ ಕಪ್ಪಾಗಿವೆ. ಅದರಡಿಯಿಂದ ಅಲ್ಯೂಮಿನಿಯಂ ಹೆಡ್ಡಿನ ಬೂದು ಬಣ್ಣ ಮೇಲೇಳುತ್ತದೆ. ಎರಕದ ಗೆರೆ ಕಾಣುತ್ತದೆ, ಉಬ್ಬಿದ ಅಂಕಿಗಳು ಬೆರಳಿಗೆ ಸಿಗುತ್ತವೆ.

ಆ ಲೋಹದ ಆಚೆಗೆ ಮೂರು ಸಿಲಿಂಡರುಗಳಿವೆ, ಒಟ್ಟು 796 ಸಿಸಿ. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಒಂದೊಂದರಲ್ಲೂ ಸೆಕೆಂಡಿಗೆ 25 ಸಲ ಬೆಂಕಿ ಹೊತ್ತಿ ಆರುತ್ತದೆ. ಉರಿಯ ಬಿಸಿ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹೊರಗಿನ ಮಣ್ಣು ಮಾತ್ರ ವರ್ಷಗಟ್ಟಲೆ ಕದಲದೆ ಕೂತಿತ್ತು! ನಡುವೆ ಇದ್ದದ್ದು ಒಂದಿಷ್ಟು ಲೋಹ, ಅದರೊಳಗೆ ಸುತ್ತುವ ನೀರು, ಅಷ್ಟೇ.

ಪಿಸ್ಟನ್ನಿಗೂ ಸಿಲಿಂಡರಿನ ಬೋರಿಗೂ ನಡುವಿನ ಸಂದಿನಲ್ಲಿ ಕೂದಲೆಳೆಯೂ ತೂರದು. ಮರಳಿನ ಕಣವೋ ಆ ಬೋರಿನ ಕಬ್ಬಿಣಕ್ಕಿಂತ ಗಡುಸು. ಅದಕ್ಕೇ ಪ್ಲಗ್ ಸಡಿಲಿಸುವ ಮುಂಚೆ ಅದರ ಬುಡಕ್ಕೆ ಗಾಳಿ ಹೊಡೆಯಬೇಕು. ರಸ್ತೆಯಲ್ಲಿ ಯಾರೂ ಲೆಕ್ಕಕ್ಕಿಡದ ಧೂಳು, ಒಳಗೆ ಬಿತ್ತೆಂದರೆ ಬೋರಿನ ಗೋಡೆಯನ್ನೇ ಗೀರಿಬಿಡುತ್ತದೆ. ಇಷ್ಟು ನಾಜೂಕಾದ ಒಳಗನ್ನು ಇಷ್ಟು ಧೂಳಿನ ನಾಡಿನಲ್ಲಿ ಕಾಪಾಡಿಕೊಂಡೇ ಈ ಕಾರು 1983ರಿಂದ ಓಡುತ್ತ ಬಂದಿದೆ.

ತೊಳೆದು, ವೇಸ್ಟ್ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಕಟ್ಟಿದ್ದನ್ನೆಲ್ಲ ಬಿಚ್ಚಿ, ಬ್ಯಾಟರಿ ಮತ್ತೆ ಜೋಡಿಸಿದ ಮೇಲೆ, ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂದು ನೋಡಲು ಒಮ್ಮೆ ಸ್ಟಾರ್ಟ್ ಮಾಡುತ್ತಾರೆ. ಎಣ್ಣೆ ಹುಟ್ಟುವುದೊಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ. ಮೇಲಿನಿಂದ ಇಳಿದು, ಗಾಳಿಗೆ ಹಿಂದಕ್ಕೆ ಸರಿದು, ಕೊನೆಗೆ ಎಂಜಿನ್ನಿನ ತಳದ ಸಂಪಿನ ಅಂಚಿನಲ್ಲಿ ಬೀಳುತ್ತದೆ. ಕೊಳೆಯಿದ್ದಾಗ ಎಲ್ಲ ಕಡೆಯೂ ಸೋರುತ್ತಿದೆ ಎನ್ನಿಸುತ್ತಿತ್ತು. ಈಗ ಟ್ಯಾಪೆಟ್ ಕವರಿನ ಒಂದು ಮೂಲೆಯಲ್ಲಿ ಮಾತ್ರ ಹೊಸ ಎಣ್ಣೆ ಮಿನುಗುತ್ತದೆ. ಅಷ್ಟು ಬೆಂಕಿಯನ್ನು, ಅಷ್ಟು ವೇಗವನ್ನು ಒಳಗೇ ಹಿಡಿದಿಟ್ಟ ಎಂಜಿನ್ ಸೋತದ್ದು ಇಷ್ಟೇ ಜಾಗದಲ್ಲಿ, ರಬ್ಬರ್ ಪ್ಯಾಕಿಂಗ್ ಒಣಗಿ ಗಟ್ಟಿಯಾದ ಕಡೆ.