ಲೋಕಾಭಿರಾಮದ ಮಾತು ಮತ್ತು ಶ್ರಾವಕನ ವಚನ

ರಾಯಚೂರಿನಿಂದ ಹೊರಟ ಬಸ್ಸು ಕಲ್ಮಲಕ್ಕೆ ಬಂದು ನಿಂತಿತೆಂದರೆ ಅಲ್ಲಿ ದಾರಿಗಳು ಕವಲೊಡೆಯುತ್ತವೆ. ದೇವದುರ್ಗದ ಕಡೆಯವರು ಒಂದು ದಾರಿ ಹಿಡಿಯುತ್ತಾರೆ, ಮಾನ್ವಿ-ಸಿಂಧನೂರಿನ ಕಡೆಯವರು ಇನ್ನೊಂದು. ಶಿಗ್ಗಾವಿಯವರೆಗೆ ಸಾಗುವ ರಾಜ್ಯ ಹೆದ್ದಾರಿಯ ಹೆಸರೇ ಈ ಊರಿನಿಂದ ಆರಂಭವಾಗುತ್ತದೆ. ಇಂಥ ಕೂಡುದಾರಿಯಲ್ಲಿ ಬಸ್ಸಿಗಾಗಿ ಕಾದು ಕುಳಿತ ಅಪರಿಚಿತರಿಬ್ಬರು ಮಾತಿಗೆ ತೊಡಗಿದರೆ, ಅವರ ನಡುವೆ ಬರುವ ಪ್ರಶ್ನೆಗಳು ಬಹುಮಟ್ಟಿಗೆ ಮೂರೇ. “ಎಲ್ಲಿಗೆ ಹೊಂಟೀರಿ?” “ಏನ್ ಕೆಲಸ ಮಾಡ್ತೀರಿ?” “ನೀವು ಯಾರ ಪೈಕಿ?” ಪಯಣ, ಉದ್ಯೋಗ, ಮನೆತನ. ಇಂದು ಈ ಮಾತುಕತೆಗೆ ಕಟ್ಟೆಯಾಗಲಿ ನೆರಳಾಗಲಿ ಬೇಕಾಗಿಲ್ಲ. ಬೆಂಗಳೂರಿನಲ್ಲಿರುವ ಗೆಳೆಯನೂ ದುಬೈಯಲ್ಲಿರುವ ಗೆಳೆಯನೂ ಊರಿನಲ್ಲೇ ಉಳಿದ ಗೆಳೆಯನೂ ಅಂಗೈಯ ಮೊಬೈಲಿನಲ್ಲಿ ದಿನವೂ ಕೂಡುತ್ತಾರೆ. ಕೂಡಿದಾಗ ಬರುವ ವಿಷಯಗಳು ಮಾತ್ರ ಅವೇ.

ಈ ಮಾತುಗಳಲ್ಲಿ ದೋಷವುಂಟೆ? ಇದೆಂಥ ಪ್ರಶ್ನೆಯೆಂದು ಸಾಮಾನ್ಯ ಗೃಹಸ್ಥನು ನಕ್ಕಾನು. ಆದರೆ ಆಚಾರ್ಯರು ಮಾತಿನ ವಿಷಯದಲ್ಲಿ ಅಷ್ಟು ಉದಾರಿಗಳಲ್ಲ. ಪ್ರಮಾದದ ಭೇದಗಳನ್ನು ಎಣಿಸುವಾಗ ಅವರು ನಾಲ್ಕು ವಿಕಥೆಗಳನ್ನು ಹೇಳಿದ್ದಾರೆ: ಸ್ತ್ರೀಕಥೆ, ಭಕ್ತಕಥೆ, ದೇಶಕಥೆ, ರಾಜಕಥೆ. ದೇಶಕಥೆಯೆಂದರೆ ನಾಡು ನಾಡುಗಳ ಉಡುಗೆ ತೊಡುಗೆ, ನಡೆವಳಿಕೆ, ಭೋಗಸಾಮಗ್ರಿಗಳ ವರ್ಣನೆ; ಇಂದಿನ ಪ್ರವಾಸದ ಹರಟೆಯೆಲ್ಲ ಇದರೊಳಗೆ ಸೇರಿಹೋಗುತ್ತದೆ. ಅನರ್ಥದಂಡವಿರತಿಯ ಅತಿಚಾರಗಳಲ್ಲಿ ‘ಮೌಖರ್ಯ’ವೆಂಬುದೂ ಒಂದು, ಅರ್ಥವಿಲ್ಲದ ಬಾಯಿಬಡುಕತನವೆಂದು ಅದರ ಭಾವ. ಮನೆತನದ ಮಾತಿಗೆ ಬಂದರೆ, ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೆಸರಿಸುವ ಎಂಟು ಮದಗಳಲ್ಲಿ ಕುಲಮದ, ಜಾತಿಮದಗಳಿಗೆ ಬೇರೆಬೇರೆ ಸ್ಥಾನಗಳೇ ಇವೆ.

ವಿಕಥೆಯ ನಿಷೇಧವು ಮೊದಲು ಮುನಿಗಳಿಗೆ ಹೇಳಿದ್ದು, ಗೃಹಸ್ಥನಿಗೆ ಅಷ್ಟು ಬಿಗಿಯಿಲ್ಲವೆಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಅನರ್ಥದಂಡವಿರತಿಯು ಶ್ರಾವಕನದೇ ವ್ರತ. ಅಲ್ಲಿ ಒರೆಗಲ್ಲಾಗಿರುವುದು ಪ್ರಯೋಜನ: ಯಾವ ಪ್ರಯೋಜನವೂ ಇಲ್ಲದೆ ಕರ್ಮಕ್ಕೆ ಬಾಗಿಲು ತೆರೆಯುವುದೇ ಅನರ್ಥದಂಡ. ಇಲ್ಲಿ ಒಂದು ಸೂಕ್ಷ್ಮವಿದೆ. ಆಡುವವನಿಗೆ ಪ್ರಯೋಜನವಿಲ್ಲದ ಮಾತು ಕೇಳುವವನಿಗೆ ಬದುಕಿನ ಪ್ರಶ್ನೆಯಾಗಿರಬಹುದು.

ರಾಯಚೂರು ಜಿಲ್ಲೆಯಲ್ಲಿ ಇದು ಬರಿಯ ತರ್ಕವಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ಎಡೆದೊರೆ ನಾಡಿದು. ಮಾನ್ವಿಯ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆಯೂ ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆಯೂ ಬಂದಿವೆ. ಆದರೂ ಕಾಲುವೆಯ ಕೊನೆಯ ಭಾಗದ ರೈತನಿಗೆ ನೀರು ತಲುಪದ ವರ್ಷಗಳುಂಟು. ಹೊಲವೇ ಇಲ್ಲದವರಿಗೆ ಕಾಲುವೆ ಬಂದರೂ ಒಂದೇ, ಬಾರದಿದ್ದರೂ ಒಂದೇ. ಅಂಥವರು ಸುಗ್ಗಿ ಮುಗಿಯುತ್ತಲೇ ಗಂಟುಮೂಟೆ ಕಟ್ಟಿ ಬೆಂಗಳೂರು, ಪುಣೆ, ಮುಂಬಯಿಗಳತ್ತ ಹೊರಡುತ್ತಾರೆ. ಗುಳೆ ಹೋಗುವುದೆಂದು ಇದಕ್ಕೆ ಹೆಸರು. ಗುಳೆ ಹೋಗುವವರು ಪತ್ರಿಕೆಯ ಜಾಹೀರಾತು ನೋಡಿ ಹೋಗುವುದಿಲ್ಲ; ಯಾರೋ ಆಡಿದ ಮಾತನ್ನು ನಂಬಿ ಹೋಗುತ್ತಾರೆ. ಮೇಸ್ತ್ರಿ ಕೊಟ್ಟ ಮುಂಗಡ, ನೆಂಟನು ಹೇಳಿದ ಕೂಲಿಯ ಲೆಕ್ಕ, ಗೆಳೆಯನು ಮೊಬೈಲಿನಲ್ಲಿ ಕಳಿಸಿದ ಚಿತ್ರ, ಇವೇ ಅವರಿಗೆ ಆಧಾರ.

ಹೀಗೆ ನಗರಕ್ಕೆ ಹೋಗಿ ಹಬ್ಬಕ್ಕೆ ಊರಿಗೆ ಮರಳಿದವನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಹೊಸ ಅಂಗಿ ತೊಟ್ಟು, ಕಟ್ಟೆಯ ಮೇಲೆ ಕುಳಿತು, ಮೆಟ್ರೋ ರೈಲಿನ ವೇಗವನ್ನೂ ದಿನಗೂಲಿಯ ಮೊತ್ತವನ್ನೂ ಹೇಳುತ್ತಾನೆ. ಅವನ ಒಂದು ಮಾತೂ ಸುಳ್ಳಲ್ಲ. ಆದರೆ ತಗಡಿನ ಶೆಡ್ಡಿನಲ್ಲಿ ಕಳೆದ ಬೇಸಿಗೆ, ನೀರಿನ ಟ್ಯಾಂಕರಿಗಾಗಿ ಕಾಯುವ ನಸುಕು, ಶಾಲೆ ಬಿಟ್ಟು ತಂಗಿಯನ್ನು ಎತ್ತಿಕೊಂಡು ತಿರುಗುವ ಮಗಳು, ಇವು ಅವನ ವರ್ಣನೆಯಲ್ಲಿ ಬರುವುದಿಲ್ಲ. ಕೇಳಿದವನು ಎತ್ತುಗಳನ್ನು ಮಾರಿ ಮುಂದಿನ ವಾರವೇ ಬಸ್ಸು ಹತ್ತುತ್ತಾನೆ. ೨೦೨೦ರ ಮಾರ್ಚಿಯಲ್ಲಿ ದೇಶವೆಲ್ಲ ಲಾಕ್‌ಡೌನ್ ಆದಾಗ ಹೀಗೆ ಹೋದವರ ಗತಿಯೇನಾಯಿತೆಂಬುದನ್ನು ನಾಡು ಕಂಡಿದೆ.

ಇಲ್ಲಿ ಸತ್ಯಾಣುವ್ರತಕ್ಕೆ ಭಂಗ ಬಂದಿತೆ? ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಸತ್ಯವನ್ನು ವಿಂಗಡಿಸುವಾಗ, ಇದ್ದುದನ್ನು ಇಲ್ಲವೆನ್ನುವುದು, ಇಲ್ಲದ್ದನ್ನು ಇದೆಯೆನ್ನುವುದು, ಒಂದನ್ನು ಮತ್ತೊಂದೆನ್ನುವುದು ಎಂದು ಮೊದಲಾಗಿ ಹೇಳುತ್ತಾರೆ. ಕಟ್ಟೆಯವನು ಇವುಗಳಲ್ಲಿ ಯಾವುದನ್ನೂ ಮಾಡಲಿಲ್ಲ; ಇದ್ದುದರಲ್ಲಿ ಅರ್ಧವನ್ನು ಆಡದೆ ಬಿಟ್ಟನು, ಅಷ್ಟೆ. ಆದರೆ ಹಿಂಸೆಗೂ ಅಸತ್ಯಕ್ಕೂ ತತ್ತ್ವಾರ್ಥಸೂತ್ರವು ಮೂಲವಾಗಿ ಹೇಳುವುದು ಪ್ರಮತ್ತಯೋಗವನ್ನು, ಎಂದರೆ ಎಚ್ಚರ ತಪ್ಪಿದ ಮನೋವಾಕ್ಕಾಯಗಳನ್ನು. ಕೇಳುತ್ತಿರುವವನ ಮನೆಯಲ್ಲಿ ಜೋಳ ಮುಗಿದಿದೆಯೆಂದು ಬಲ್ಲವನು ಅವನೆದುರು ಅರ್ಧ ಚಿತ್ರವನ್ನು ಬಿಡಿಸಿದರೆ, ಶಬ್ದಗಳು ನಿಜವಾಗಿದ್ದರೂ ಎಚ್ಚರ ತಪ್ಪಿದೆ. ಹಾಗೆಂದು ಆ ಬಡವನನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ತನ್ನ ಕಷ್ಟವನ್ನು ಅವನು ಮುಚ್ಚಿದ್ದು ಮೋಸಕ್ಕಲ್ಲ. ಓರಗೆಯವರ ಮುಂದೆ ತಲೆ ತಗ್ಗಬಾರದೆಂಬ ಅಭಿಮಾನಕ್ಕೆ. ತಂಪಾದ ಕೋಣೆಯಲ್ಲಿ ಕುಳಿತು ವಿದೇಶದ ಕೆಲಸದ ಸೊಗಸನ್ನಷ್ಟೇ ಬಣ್ಣಿಸುವ ವಿದ್ಯಾವಂತನಿಗೆ ಈ ಕ್ಷಮೆಯೂ ಸಲ್ಲದು.

ಪ್ರಾಸಂಗಿಕವಾಗಿ ಒಂದು ಮಾತು. ದೇಶವ್ರತವನ್ನು ತೊಟ್ಟು ಇಂತಿಷ್ಟು ಎಲ್ಲೆಯೊಳಗೆ ಇರುವೆನೆಂದವನು, ತಾನು ಅಲ್ಲಿಯೇ ಕುಳಿತಿದ್ದರೂ ಎಲ್ಲೆಯಾಚೆಗಿನವರಿಗೆ ದನಿ ಕೇಳಿಸಿ ಕೆಲಸ ಸಾಧಿಸಿದರೆ ‘ಶಬ್ದಾನುಪಾತ’, ತನ್ನ ರೂಪವನ್ನು ತೋರಿಸಿ ಸಾಧಿಸಿದರೆ ‘ರೂಪಾನುಪಾತ’ವೆಂಬ ಅತಿಚಾರಗಳಾಗುವುವು. ದೂರವಾಣಿಯಿಲ್ಲದ ಕಾಲದಲ್ಲಿ ಇದನ್ನು ಗುರುತಿಸಿದ ಆಚಾರ್ಯರು ಇಂದಿನ ವಿಡಿಯೋ ಕರೆಯನ್ನು ಕಂಡಿದ್ದರೆ ಆಶ್ಚರ್ಯಪಡುತ್ತಿರಲಿಲ್ಲವೆನಿಸುತ್ತದೆ.

ಉದ್ಯೋಗದ ಮಾತಿನಲ್ಲಿ ತೊಡಕು ಬೇರೆಯದು. ಆದಿನಾಥಸ್ವಾಮಿಯು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳನ್ನು ಜನಕ್ಕೆ ಕಲಿಸಿದನೆಂದು ನಂಬುವ ಸಮಾಜದಲ್ಲಿ ಕೆಲಸ ಹುಡುಕುವುದು ಧರ್ಮಬಾಹಿರವಲ್ಲ. ಆದರೆ ಹುಡುಕಾಟದಲ್ಲಿ ಗೆಳೆಯರಿಂದ ಬರುವ ಬೇಡಿಕೆಗಳಿವೆಯಷ್ಟೆ: “ನಿಮ್ಮ ಅಂಗಡಿಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದೇನೆಂದು ಒಂದು ಪತ್ರ ಕೊಡಿ ಅಣ್ಣಾರೆ, ನಿಮಗೇನು ನಷ್ಟ?” ವ್ಯಾಪಾರಸ್ಥ ಕುಟುಂಬಗಳಿಗೆ ಈ ಮಾತು ಹೊಸದಲ್ಲ. ನಷ್ಟವೇನೆಂಬುದಕ್ಕೆ ಉತ್ತರ ಸೂತ್ರದಲ್ಲಿಯೇ ಇದೆ. ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರವಣಿಗೆ, ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಒಂದು. ಇದರಲ್ಲಿ ಹೆಚ್ಚು ಚರ್ಚಿಸುವಂಥದೇನೂ ಇಲ್ಲ.

ಮನೆತನದ ಮಾತೇ ಎಲ್ಲಕ್ಕಿಂತ ತೊಡಕಿನದು. ಉತ್ತರ ಕರ್ನಾಟಕದಲ್ಲಿ ಹೆಳವರೆಂಬ ಜನರಿದ್ದಾರೆ. ಎತ್ತಿನೊಡನೆ ಊರೂರು ತಿರುಗಿ, ಒಕ್ಕಲು ಮನೆಗಳ ಮುಂದೆ ನಿಂತು ಆ ಮನೆತನದ ಹಿರಿಯರು ಯಾರು, ಯಾವ ಊರಿನಿಂದ ಬಂದರು, ಯಾರ ಮಗ ಎಲ್ಲಿಗೆ ಹೋದ ಎಂಬುದನ್ನು ಹೇಳುವುದು ಅವರ ವೃತ್ತಿ. ಪ್ರತಿಯಾಗಿ ಕಾಳುಕಡಿ, ಬಟ್ಟೆ ಪಡೆಯುತ್ತಾರೆ. ಪಯಣ, ಉದ್ಯೋಗ, ವಂಶ ಮೂರೂ ಅವರೊಬ್ಬರಲ್ಲಿ ಕೂಡಿವೆಯೆಂಬುದು ಸ್ವಾರಸ್ಯ. ಬೇರನ್ನು ತಿಳಿಯಬೇಕೆಂಬ ಬಯಕೆ ಕೆಟ್ಟದ್ದಲ್ಲ. ನಿಜಾಮನ ಆಳಿಕೆಯ ಕಾಲದ ಉರ್ದು ಕಾಗದಗಳನ್ನು ಪೆಟ್ಟಿಗೆಯಿಂದ ತೆಗೆದು ಓದಿಸಿಕೊಳ್ಳುವ ಮೊಮ್ಮಗನಲ್ಲಿ ಇರುವುದು ಮದವಲ್ಲ, ಕೃತಜ್ಞತೆ.

ಮದವಾಗುವುದು ಎಲ್ಲಿ? ಶ್ವೇತಾಂಬರ ಪರಂಪರೆಯಲ್ಲಿ ಹೇಳುವ ಮರೀಚಿಯ ಕಥೆ ಇದಕ್ಕೆ ಒಳ್ಳೆಯ ದೃಷ್ಟಾಂತ. ಆದಿನಾಥನ ಮೊಮ್ಮಗನೂ ಭರತಚಕ್ರವರ್ತಿಯ ಮಗನೂ ಆದ ಮರೀಚಿಯು, ತಾನು ಮುಂದೆ ವಾಸುದೇವನೂ ಚಕ್ರವರ್ತಿಯೂ ಕೊನೆಗೆ ತೀರ್ಥಂಕರನೂ ಆಗುವೆನೆಂದು ಕೇಳಿ ಹಿಗ್ಗಿ ಕುಣಿದನಂತೆ. ಅಜ್ಜನು ಮೊದಲ ತೀರ್ಥಂಕರ, ತಂದೆ ಮೊದಲ ಚಕ್ರವರ್ತಿ, ತಾನು ಮೊದಲ ವಾಸುದೇವ, ತನ್ನ ಕುಲಕ್ಕೆ ಸಮನಾದ ಕುಲವಿಲ್ಲವೆಂದನು. ಅದರ ಫಲವಾಗಿ ನೀಚಗೋತ್ರ ಕರ್ಮವನ್ನು ಕಟ್ಟಿಕೊಂಡನು. ಅದರ ಶೇಷವು ಮಹಾವೀರನಾಗಿ ಹುಟ್ಟುವ ಕಾಲದವರೆಗೂ ಬೆನ್ನುಹತ್ತಿತು. ಗಮನಿಸತಕ್ಕದ್ದೆಂದರೆ, ಅವನಾಡಿದುದರಲ್ಲಿ ಅಜ್ಜ, ತಂದೆ, ತಾನು ಎಂಬ ಎಣಿಕೆಯೆಲ್ಲ ನಿಜ. ಕಟ್ಟೆಯವನ ಮಾತಿನಂತೆಯೇ ಇಲ್ಲಿಯೂ ಸತ್ಯವು ರಕ್ಷಿಸಲಿಲ್ಲ. ತತ್ತ್ವಾರ್ಥಸೂತ್ರವು ಪರನಿಂದೆ, ಆತ್ಮಪ್ರಶಂಸೆಗಳನ್ನೇ ನೀಚಗೋತ್ರದ ಕಾರಣಗಳಲ್ಲಿ ಎಣಿಸುತ್ತದೆ. ಕುಲವನ್ನು ಹೊಗಳಿಕೊಂಡವನು ಆ ಹೊಗಳಿಕೆಯಿಂದಲೇ ಕುಲವನ್ನು ಕಳೆದುಕೊಳ್ಳುತ್ತಾನೆಂಬುದು ಎಂಥ ಲೆಕ್ಕ! ಪಂಪನ ಆದಿಪುರಾಣದಲ್ಲಿ ಬರುವ ಭವಾವಳಿಯನ್ನು ಬಲ್ಲವರಿಗೆ ಇನ್ನೊಂದು ಮಾತು ಹೊಳೆಯದಿರದು: ಜೀವಕ್ಕೆ ನಿಜವಾದ ವಂಶಾವಳಿ ಅದರ ಭವಗಳದೇ ಹೊರತು ಈ ಒಂದು ದೇಹದ ತಂದೆತಾತಂದಿರದಲ್ಲ.

ಕನ್ನಡನಾಡಿನ ಈ ಭಾಗದಲ್ಲಿ ‘ಯಾರ ಪೈಕಿ, ಮೂಲ ಯಾವೂರು’ ಎಂಬ ಪ್ರಶ್ನೆಗೆ ಈಚೆಗೆ ಬೇರೊಂದು ತೂಕ ಬಂದಿದೆ. ಸಂವಿಧಾನದ ೯೮ನೆಯ ತಿದ್ದುಪಡಿಯಿಂದ ೩೭೧ (ಜೆ) ವಿಧಿಯು ಸೇರಿ, ೨೦೧೩ರಿಂದ ಹೈದರಾಬಾದ್ ಕರ್ನಾಟಕದ, ೨೦೧೯ರಿಂದ ಕಲ್ಯಾಣ ಕರ್ನಾಟಕವೆನಿಸಿದ ಪ್ರದೇಶದ, ಸ್ಥಳೀಯ ವೃಂದದ ಸರಕಾರಿ ಹುದ್ದೆಗಳಲ್ಲಿ ಹೆಚ್ಚಿನ ಪಾಲು ಅಲ್ಲಿಯವರಿಗೆ ಮೀಸಲಾಗಿದೆ. ಜನನದಿಂದಲೋ ವಾಸದಿಂದಲೋ ಇಲ್ಲಿಯವನೆಂಬ ಅರ್ಹತಾ ಪ್ರಮಾಣಪತ್ರವು ಉದ್ಯೋಗಾರ್ಥಿಗೆ ಬೇಕು. ಲೋಕಾಭಿರಾಮವಾಗಿ ಕೇಳಿದ ಮೂರನೆಯ ಪ್ರಶ್ನೆ ಎರಡನೆಯದರೊಡನೆ ಹೀಗೆ ಬೆಸೆದುಕೊಂಡಿತು.

ಇಬ್ಬರು ಗೆಳೆಯರು ಒಂದೇ ಪರೀಕ್ಷೆಗೆ ಓದುತ್ತಿದ್ದಾರೆಂದು ಇಟ್ಟುಕೊಳ್ಳಬಹುದು. ಒಂದು ರಾತ್ರಿ ಹಳೆಯ ಮಾತು ತೆಗೆದು ಒಬ್ಬನು, ತನ್ನವರು ನದಿಯಾಚೆಯಿಂದ ಬಂದು ಆರೇಳು ವರ್ಷವಾಯಿತು, ಪ್ರಮಾಣಪತ್ರವನ್ನು ‘ಹೇಗೋ’ ಮಾಡಿಸಿದೆವು ಎಂದುಬಿಡುತ್ತಾನೆ. ಫಲಿತಾಂಶ ಬಂದಾಗ ಹೀಗೆಂದವನು ಆಯ್ಕೆಯಾಗುತ್ತಾನೆ. ಕೇಳಿದವನಿಗೆ ಸ್ವಲ್ಪದರಲ್ಲಿ ತಪ್ಪಿಹೋಗುತ್ತದೆ. ಈಗ ಕೇಳಿದವನು ಏನು ಮಾಡಬೇಕು? ಗುಟ್ಟಿನಲ್ಲಿ ಆಡಿದುದನ್ನು ಹೊರಗೆಡಹುವುದು ರಹೋಭ್ಯಾಖ್ಯಾನ, ಅದೂ ಸತ್ಯಾಣುವ್ರತದ ಅತಿಚಾರವೇ. ಸುಮ್ಮನಿದ್ದರೆ, ಕೊಡದೆಯೇ ತೆಗೆದುಕೊಂಡದ್ದಕ್ಕೆ ಸಾಕ್ಷಿಯಾಗಿಯೂ ಬಾಯಿ ಮುಚ್ಚಿದಂತೆ. ಹೇಳಿದರೆ ಅದು ನ್ಯಾಯಕ್ಕಾಗಿಯೋ ಹೊಟ್ಟೆಕಿಚ್ಚಿಗೋ ಎಂಬುದನ್ನು ಅವನೇ ಖಚಿತವಾಗಿ ಅರಿಯನು.

ಮೌನದ ಪರವಾಗಿ ಒಬ್ಬ ಪ್ರಾಚೀನ ಸಾಕ್ಷಿಯಿದ್ದಾನೆ. ಸನ್ನತಿಯಲ್ಲಿ, ಭೀಮಾತೀರದ ಗುಡಿಯೊಂದರಲ್ಲಿ ವಿಗ್ರಹದ ಪೀಠವಾಗಿದ್ದ ಶಿಲೆಯ ಮೇಲೆ ಅಶೋಕನ ಹನ್ನೆರಡನೆಯ ಬಂಡೆಶಾಸನದ ಭಾಗವು ೧೯೮೦ರ ದಶಕದಲ್ಲಿ ಬೆಳಕಿಗೆ ಬಂದಿತು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ೧೯೧೫ರಲ್ಲಿ ದೊರೆತ ಶಾಸನದಷ್ಟು ಅದು ಜನಜನಿತವಲ್ಲ. ತನ್ನ ಮತವನ್ನು ಹೊತ್ತಲ್ಲದ ಹೊತ್ತಿನಲ್ಲಿ ಹೊಗಳದೆ ಪರಮತವನ್ನು ಹಳಿಯದೆ ಇರಲು ವಾಕ್ಸಂಯಮವೇ ಬೇರೆಂಬುದು ಆ ಶಾಸನದ ತಿರುಳು. ಅಲ್ಲಿ ಬಳಸಿದ ಪ್ರಾಕೃತ ಪದವು ಜೈನರ ವಚನಗುಪ್ತಿಗೆ ಬಲು ಹತ್ತಿರದ್ದು. ಆದರೆ ಅರಸನು ಹೇಳಿದ್ದು ನಿಂದೆಯನ್ನು ತಡೆಯುವ ಸಂಯಮವನ್ನು. ಅನ್ಯಾಯವನ್ನು ಮುಚ್ಚುವ ಮೌನವನ್ನಲ್ಲ.

ಇನ್ನು ಉಪಗೂಹನ. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಇದಕ್ಕೆ ದೃಷ್ಟಾಂತನಾದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ಕೇಳದ ಶ್ರಾವಕರು ವಿರಳ. ಬ್ರಹ್ಮಚಾರಿಯ ವೇಷದಲ್ಲಿ ಬಂದ ಕಳ್ಳನು ಚೈತ್ಯಾಲಯದ ಛತ್ರದಲ್ಲಿದ್ದ ರತ್ನವನ್ನು ಕದ್ದು ಓಡುವಾಗ ಕಾವಲುಗಾರರ ಕೈಗೆ ಸಿಕ್ಕುತ್ತಾನೆ. ಧರ್ಮಕ್ಕೆ ಅಪವಾದ ಬಾರದಿರಲೆಂದು ಶ್ರೇಷ್ಠಿಯು, ರತ್ನವನ್ನು ತರಲು ತಾನೇ ಹೇಳಿದ್ದೆನೆಂದು ಅವನನ್ನು ಬಿಡಿಸುತ್ತಾನೆ. ಬಳಿಕ ಏಕಾಂತದಲ್ಲಿ ಛೀಮಾರಿ ಹಾಕಿ ಕಳಿಸುತ್ತಾನೆ. ಬಸದಿಗಳ ಆಡಳಿತ ನೋಡುವವರು ಈ ಕಥೆಯನ್ನು ಆಗಾಗ ನೆರವಿಗೆ ಕರೆಯುವುದುಂಟು, ಕೆಲವೊಮ್ಮೆ ಕರೆಯಬಾರದ ಕಡೆಯೂ. ಆ ಕಥೆಯಲ್ಲಿ ರತ್ನವಿದ್ದುದು ಶ್ರೇಷ್ಠಿಯ ಸ್ವಂತ ಚೈತ್ಯಾಲಯದ್ದು. ನಷ್ಟವನ್ನು ಹೊರಲು ಸಿದ್ಧನಿದ್ದವನೇ ದೋಷವನ್ನು ಮುಚ್ಚಿದನು. ಹುದ್ದೆಯ ವಿಷಯ ಹಾಗಲ್ಲ. ಅದು ತಪ್ಪಿದ ಗೆಳೆಯನೊಬ್ಬನದೇ ಆಗಿದ್ದರೆ ಅವನು ಶ್ರೇಷ್ಠಿಯಂತೆ ಬಿಟ್ಟುಕೊಡಬಹುದಿತ್ತು. ಪಟ್ಟಿಯಲ್ಲಿ ಅವನಿಗಿಂತ ಒಂದು ಸ್ಥಾನ ಮೇಲೆ, ಇವರಿಬ್ಬರನ್ನೂ ಅರಿಯದ ಮಾನ್ವಿಯದೋ ದೇವದುರ್ಗದ್ದೋ ಹುಡುಗಿಯೊಬ್ಬಳಿರಬಹುದು. ಅವಳ ಪರವಾಗಿ ಔದಾರ್ಯ ತೋರಲು ಇವನಿಗೆ ಅಧಿಕಾರವಿಲ್ಲ.

ಉಪಗೂಹನದ ಮುಂದೆಯೇ ಆಚಾರ್ಯರು ಸ್ಥಿತೀಕರಣವನ್ನು ಇಟ್ಟಿದ್ದಾರೆ: ಜಾರಿದವನನ್ನು ಮತ್ತೆ ನಿಲ್ಲಿಸುವುದು. ತಾತ್ಕಾಲಿಕ ಆಯ್ಕೆಪಟ್ಟಿ ಪ್ರಕಟವಾಗಿ ಆಕ್ಷೇಪಣೆಗಳಿಗೆ ಅವಧಿ ಕೊಡುವ ದಿನಗಳಲ್ಲಿ, ಕಚೇರಿಗೆ ಅರ್ಜಿ ಬರೆಯುವ ಮೊದಲು, ಕೇಳಿದವನು ಆಡಿದವನ ಮನೆಗೇ ಹೋಗಬೇಕಾಗುತ್ತದೆ. ಮೊಬೈಲಿನಲ್ಲಿ ಆಡಿ ಮುಗಿಸತಕ್ಕ ಮಾತಲ್ಲ ಅದು. ತಾನಾಗಿಯೇ ಹಿಂದೆ ಸರಿಯಲು ಗೆಳೆಯನಿಗೆ ದಾರಿ ಬಿಡಬೇಕು. ಸರಿಯದಿದ್ದರೆ ತಾನು ಮುಂದೇನು ಮಾಡುವೆನೆಂಬುದನ್ನು ಅವನ ಮುಖಕ್ಕೇ ಹೇಳಬೇಕು, ಬೆನ್ನಿಗಲ್ಲ. ಇದಾದ ಮೇಲೆ ಸ್ನೇಹ ಉಳಿಯುವುದೋ ಇಲ್ಲವೋ ಹೇಳಬಲ್ಲವರಿಲ್ಲ. ಇಬ್ಬರೂ ಕಲ್ಮಲದಲ್ಲಿ ಬಸ್ಸಿಗಾಗಿ ಮತ್ತೆ ಎದುರಾದಾಗ, “ಎಲ್ಲಿಗೆ ಹೊಂಟಿಯಪಾ?” ಎಂದು ಮೊದಲು ಕೇಳುವವನು ಯಾರೆಂಬುದೂ ಗೊತ್ತಿಲ್ಲ.