ಇಪ್ಪತ್ತೊಂದನೆಯ ಗುಂಡು

ನನ್ನ ತಂಗಿಯ ಮಗ ಅಮೆರಿಕದಲ್ಲಿ ಎಂಜಿನಿಯರು. ವಾರವೆಲ್ಲ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವ ಈ ಸಾಧು ಪ್ರಾಣಿ ಭಾನುವಾರ ಬಂತೆಂದರೆ ಪಿಸ್ತೂಲು ತೆಗೆದುಕೊಂಡು ಗುರಿಯಾಟಕ್ಕೆ ಹೊರಡುತ್ತಾನೆ. ಸುದ್ದಿ ತಿಳಿದ ದಿನ ಅವನ ತಾಯಿ ಸರಿಯಾಗಿ ಊಟ ಮಾಡಲಿಲ್ಲ. ಈ ಸಲ ರಜೆಗೆಂದು ಕಮಲಾಪುರಕ್ಕೆ ಬಂದವನ ಬಾಯಲ್ಲಿ ಮಾತುಮಾತಿಗೂ ‘ಮ್ಯಾಗಜೀನು’. ನಮ್ಮಂಥವರಿಗೆ ಮ್ಯಾಗಜೀನೆಂದರೆ ಓದುವ ಪತ್ರಿಕೆ. ಅವನಿಗೆ, ಪಿಸ್ತೂಲಿನ ಹಿಡಿಕೆಯೊಳಗೆ ಸೇರುವ, ಗುಂಡುಗಳನ್ನು ಒಂದರ ಮೇಲೊಂದು ಪೇರಿಸಿಡುವ ಲೋಹದ ಡಬ್ಬಿ.

ಅವನ ಆಟದ ಬಗೆ ಹೀಗೆ. ರಟ್ಟಿನ ಗುರಿಗಳನ್ನೂ ಉಕ್ಕಿನ ತಟ್ಟೆಗಳನ್ನೂ ಬಯಲಿನಲ್ಲಿ ಅಲ್ಲಲ್ಲಿ ನಿಲ್ಲಿಸಿರುತ್ತಾರೆ. ಆಟಗಾರ ಓಡುತ್ತ, ನಿಲ್ಲುತ್ತ, ಮರೆಯಿಂದ ಇಣುಕುತ್ತ ಅವಕ್ಕೆ ಹೊಡೆಯಬೇಕು. ನಡುಭಾಗಕ್ಕೆ ತಾಗಿದರೆ 5 ಅಂಕ, ಗುರಿಗೇ ತಾಗದಿದ್ದರೆ 10 ಅಂಕ ಕಡಿತ. ಬಂದ ಒಟ್ಟು ಅಂಕಗಳನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸುತ್ತಾರೆ. ದೊಡ್ಡ ಸುತ್ತೊಂದಕ್ಕೆ 32 ಗುಂಡುಗಳವರೆಗೂ ಬೇಕಾದೀತು. ನಡುವೆ ಬರಿದಾದ ಡಬ್ಬಿಯನ್ನು ಬೀಳಿಸಿ ಇನ್ನೊಂದನ್ನು ತುರುಕಲು ನಿಂತರೆ ಕಾಲ ಹೋಯಿತು, ಅಂಕವೂ ಹೋಯಿತು. ಆದ್ದರಿಂದ ಡಬ್ಬಿಯೊಳಗೆ ಎಷ್ಟು ಹಿಡಿಸೀತು ಎಂಬುದೇ ಈ ಜನರ ಹಗಲು ಚಿಂತೆ, ಇರುಳು ಕನಸು.

ಅಲ್ಲಿನ ಸಂಘದ ನಿಯಮ ಒಂದು ವರ್ಗದ ಆಟಗಾರರಿಗೆ ಗುಂಡುಗಳ ಲೆಕ್ಕವನ್ನೇ ಗೊತ್ತುಮಾಡಿದೆ. ಬೇರೆ ಕೆಲವು ವರ್ಗಗಳಲ್ಲಿ ಲೆಕ್ಕವಿಲ್ಲ, ಡಬ್ಬಿಯ ಉದ್ದಕ್ಕೆ ಮಾತ್ರ ಮಿತಿ: ಒಂದರಲ್ಲಿ 141.25 ಮಿಲಿಮೀಟರು, ಇನ್ನೊಂದರಲ್ಲಿ 171.25. ಆ ಕಾಲು ಮಿಲಿಮೀಟರಿನ ಖಾಚಿತ್ಯ ಕಂಡು ನನಗೆ ನಗು ಬಂತು, ಹುಡುಗ ನಗಲಿಲ್ಲ. ಅದೇ ಉದ್ದದೊಳಗೆ ಸ್ಪ್ರಿಂಗನ್ನೂ ತಳವನ್ನೂ ಬದಲಿಸಿ, 20 ಹಿಡಿಯುವ ಡಬ್ಬಿಯಲ್ಲಿ 21 ಹಿಡಿಸುವ ಕುಶಲಿಗಳಿದ್ದಾರೆ. ಅವನೂ ಹಣ ತೆತ್ತು ಮಾಡಿಸಿಕೊಂಡಿದ್ದಾನೆ.

“ಮಾವ, ಅವ್ರು ಅಳತಿ ಬರ್ದಾರ, ಲೆಕ್ಕ ಬರ್ದಿಲ್ಲ. ನಾನು ಮಾಡಿದ್ದು ತಪ್ಪೇನು, ನೀವೇ ಹೇಳ್ರಿ” ಎಂದ.

ತಪ್ಪೆಂದು ಥಟ್ಟನೆ ಹೇಳಲು ನನಗೆ ಮನಸ್ಸು ಬರಲಿಲ್ಲ. ಹೊಸಪೇಟೆಯ ಸಂತೆಯಲ್ಲಿ ಸೇರಿನಿಂದ ಅಳೆಯುವುದನ್ನು ನೋಡಿದವರಿಗೆ ಇದು ಹೊಸ ಪ್ರಶ್ನೆಯಲ್ಲ. ಸೇರು ಒಂದೇ. ಅದನ್ನು ಸಡಿಲವಾಗಿ ತುಂಬಬಹುದು, ಕುಲುಕಿ ತುಂಬಬಹುದು, ಮೇಲೆ ಗೋಪುರ ಕಟ್ಟಬಹುದು, ಅಂಗೈಯಿಂದ ಸವರಿ ಸಪಾಟು ಮಾಡಬಹುದು. “ಒಂಚೂರು ಕುಲುಕಿ ಹಾಕವ್ವಾ” ಎನ್ನುವ ಗಿರಾಕಿಯನ್ನು ಯಾರೂ ಕಳ್ಳನೆನ್ನುವುದಿಲ್ಲ. ಕುಲುಕುವುದು ಎಲ್ಲರ ಕಣ್ಣೆದುರಿಗೆ ನಡೆಯುತ್ತದೆ, ಎಲ್ಲರೂ ಕೇಳಬಹುದು. ಸೇರಿನ ತಳಕ್ಕೆ ಮೇಣ ಅಂಟಿಸಿದರೆ ಮಾತ್ರ ಅದು ಮೋಸ. ನನ್ನ ಸೋದರಳಿಯ ಮೇಣ ಅಂಟಿಸಿಲ್ಲ, ಕುಲುಕಿದ್ದಾನೆ. ಎಷ್ಟು ಕುಲುಕಿದ್ದಾನೆಂದರೆ, ಒಳಗಿನ ಸ್ಪ್ರಿಂಗಿಗೆ ಉಸಿರಾಡಲು ಜಾಗವಿಲ್ಲದೆ ಒಮ್ಮೊಮ್ಮೆ ಗುಂಡು ಮೇಲೇರದೆ ಸಿಕ್ಕಿಕೊಳ್ಳುವುದೂ ಉಂಟಂತೆ.

ಹಣದ ಮಾತು ಬೇರೆ. ನಿಯಮ ಗುಂಡನ್ನು ಎಣಿಸಿದರೆ ಆಟಗಾರ ತನ್ನ ಕೈಯನ್ನು ಪಳಗಿಸಲು ಹೊರಡುತ್ತಾನೆ. ಉದ್ದವನ್ನು ಅಳೆದರೆ ಚೀಲದ ಬಾಯಿ ಬಿಚ್ಚುತ್ತಾನೆ. ಆದರೆ ಎಲ್ಲ ಆಟಗಳಲ್ಲೂ ಒಳ್ಳೆಯ ಸಲಕರಣೆಗೆ ಬೆಲೆಯಿದೆ. ಅದೊಂದನ್ನೇ ಹಿಡಿದು ನಾನು ಜಗಳವಾಡಲಾರೆ.

ನನ್ನನ್ನು ಕೆಣಕಿದ್ದು ಅವನ ಇನ್ನೊಂದು ಮಾತು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು 10ಕ್ಕಿಂತ ಹೆಚ್ಚು ಗುಂಡು ಹಿಡಿಯುವ ಡಬ್ಬಿಗಳ ಮಾರಾಟವನ್ನು ನಿಷೇಧಿಸಿವೆ. ಶಾಲೆಗಳಲ್ಲಿ, ಅಂಗಡಿಗಳಲ್ಲಿ ನಡೆದ ಹತ್ಯೆಗಳ ನೆನಪು ಆ ಕಾನೂನುಗಳ ಬೆನ್ನಿಗಿದೆ. “ನಮ್ಮ ಆಟಕ್ಕ ಹೆಚ್ಚು ಗುಂಡು ಅವಶ್ಯ ಅದ, ಮಾವ. ಯಾರೋ ಹುಚ್ಚ ಮಾಡಿದ್ದಕ್ಕ ನಮ್ಮನ್ನ ಯಾಕ ಕಟ್ಟಿ ಹಾಕ್ಬೇಕು?” ಎಂದು ಅವನು ಕೇಳಿದ. ‘ಅವಶ್ಯ’ ಎಂಬ ಆ ಶಬ್ದದ ಮೇಲೆ ನಾವಿಬ್ಬರೂ ಎರಡು ದಿನ ವಾದ ಮಾಡಿದೆವು.

ಅವಶ್ಯಕತೆ ಏನೆಂಬುದನ್ನು ಯುದ್ಧ ಬಲ್ಲದು. ನಮ್ಮೂರಿನ ವಸ್ತುಸಂಗ್ರಹಾಲಯದಲ್ಲಿ ಹಳೆಯ ಆಯುಧಗಳಿವೆ, ವೀರಗಲ್ಲುಗಳಿವೆ. ಅವುಗಳ ಮುಂದೆ ನಿಂತಾಗ ನನಗೆ 1520ರ ರಾಯಚೂರಿನ ಮುತ್ತಿಗೆ ನೆನಪಾಗುತ್ತದೆ. ಕ್ರಿಸ್ತೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನು ಕೆಲವೇ ಜನ ಕೋವಿಗಾರರೊಡನೆ ಕೃಷ್ಣದೇವರಾಯನ ನೆರವಿಗೆ ನಿಂತು, ಕೋಟೆಗೋಡೆಯ ಮೇಲೆ ತಲೆ ತೋರಿಸಿದವರನ್ನು ಹೊಡೆದು ಕೆಡವಿದನೆಂದು ನೂನಿಜ್ ಬರೆದಿದ್ದಾನೆ. ಆ ಕೋವಿಯಲ್ಲಿ ಒಂದು ಸಲಕ್ಕೆ ಒಂದೇ ಗುಂಡು. ಹೊಡೆದ ಮೇಲೆ ಮದ್ದು ಸುರಿದು, ಗುಂಡಿಟ್ಟು, ಕೋಲಿನಿಂದ ಗಿಡಿದು, ಬತ್ತಿ ಸರಿಪಡಿಸುವವರೆಗೆ ಅವನ ಪ್ರಾಣ ದೇವರ ಕೈಯಲ್ಲಿ. ಆ ಸಿಪಾಯಿಯು ‘ಇನ್ನೊಂದು ಗುಂಡು ಬೇಕಿತ್ತು’ ಎಂದಿದ್ದರೆ ಅದು ಅವಶ್ಯಕತೆ. ಅಲ್ಲಿಂದ ಮುಂದಿನ ನಾಲ್ಕು ನೂರು ವರ್ಷಗಳಲ್ಲಿ ಕೋವಿ ಸುಧಾರಿಸಿದ್ದೆಲ್ಲ ಬಹುಮಟ್ಟಿಗೆ ಆ ಕೂಗಿಗೆ ಕೊಟ್ಟ ಉತ್ತರ.

ನನ್ನ ಸೋದರಳಿಯನ ಆಟವೂ ಹುಟ್ಟಿದ್ದು ಆತ್ಮರಕ್ಷಣೆಯ ಅಭ್ಯಾಸವಾಗಿಯೇ. 1976ರಲ್ಲಿ ಮಿಸೂರಿ ರಾಜ್ಯದ ಕೊಲಂಬಿಯಾದಲ್ಲಿ ಜೆಫ್ ಕೂಪರ್ ಮುಂತಾದವರು ಸೇರಿ ಅದರ ಅಂತರರಾಷ್ಟ್ರೀಯ ಸಂಸ್ಥೆಯನ್ನು ಕಟ್ಟಿದರು; ನಿಖರತೆ, ಬಲ, ವೇಗ ಎಂಬ ಅರ್ಥದ ಮೂರು ಲ್ಯಾಟಿನ್ ಶಬ್ದಗಳು ಅದರ ಧ್ಯೇಯವಾಕ್ಯ. ಈಗ ಅಲ್ಲಿ ಬಳಕೆಯಲ್ಲಿರುವ ಕೆಲವು ಪಿಸ್ತೂಲುಗಳನ್ನು ಸೊಂಟದಲ್ಲಿಟ್ಟುಕೊಂಡು ಯಾವ ಮನುಷ್ಯನೂ ಪೇಟೆಗೆ ಹೋಗಲಾರ. ಇದಕ್ಕೆ ಬೇಸರವೇಕೆ? ಕುಸ್ತಿಯೂ ರಣರಂಗದಿಂದ ಅಖಾಡಕ್ಕೆ ಬಂದ ವಿದ್ಯೆಯೇ. ಆದರೆ ಅಖಾಡಕ್ಕೆ ಬಂದ ಮೇಲೆ ರಣರಂಗದ ಹೆಸರಿನಲ್ಲಿ ಸವಲತ್ತು ಕೇಳಬಾರದು.

ನಮ್ಮ ನಾಡಿನ ಇನ್ನೊಂದು ಮೂಲೆಯನ್ನು ನೋಡಿ. ಕೊಡಗಿನವರು ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದು ಆಚರಿಸುತ್ತಾರೆ. ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಸುತ್ತಾರೆ. ಕಾಯಿ ಒಡೆಯಿತೋ ಇಲ್ಲವೋ, ಒಂದೇ ಈಡಿನಲ್ಲಿ ಸುತ್ತ ನಿಂತ ಜನಕ್ಕೆಲ್ಲ ಗೊತ್ತಾಗುತ್ತದೆ. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸಿನಲ್ಲಿ ಸ್ಪರ್ಧಿಸಿದ 50 ಮೀಟರ್ ಪಿಸ್ತೂಲಿನ ಪಂದ್ಯದಲ್ಲಿ ಒಂದೊಂದೇ ಗುಂಡು ತುಂಬಿ 60 ಸಲ ಹೊಡೆಯಬೇಕು. (ಆ ಪಂದ್ಯವನ್ನು ಅಲ್ಲಿಂದೀಚೆಗೆ ಒಲಿಂಪಿಕ್ಸಿನಿಂದ ಕೈಬಿಟ್ಟರು. ಜಗತ್ತಿಗೆ ತಾಳ್ಮೆ ಕಡಿಮೆಯಾಗಿದೆ ಎನ್ನೋಣವೆ?) 2012ರಲ್ಲಿ ಲಂಡನಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ ಕ್ಷಿಪ್ರ ಪಂದ್ಯದಲ್ಲಿ ಒಂದು ಸರದಿಗೆ ಗುಂಡುಗಳು ಐದು, ಅತಿ ವೇಗದ ಸರದಿಯಲ್ಲಿ ಆ ಐದಕ್ಕೆ ದೊರೆಯುವ ಕಾಲ ನಾಲ್ಕೇ ಸೆಕೆಂಡು.

ಒಂದು, ಐದು, ಹದಿನೈದು, ಇಪ್ಪತ್ತೊಂದು. ಇವುಗಳಲ್ಲಿ ಯಾವುದನ್ನೂ ಪ್ರಕೃತಿ ವಿಧಿಸಿಲ್ಲ. ಆಟಗಾರರು ಒಂದು ಕಡೆ ಕುಳಿತು ಒಪ್ಪಿಕೊಂಡದ್ದು. ಒಪ್ಪಿಕೊಂಡ ಬಡತನದೊಳಗೆ ಶ್ರೀಮಂತನಾಗಿ ಬಾಳುವುದನ್ನೇ ಅಲ್ಲವೆ ನಾವು ಆಟ ಎನ್ನುವುದು? ಹಾಗಿರುವಾಗ ಆಟಕ್ಕೆ ಹೆಚ್ಚು ಗುಂಡು ‘ಇಷ್ಟ’ ಎನ್ನಬಹುದು, ‘ರೂಢಿ’ ಎನ್ನಬಹುದು, ‘ಅವಶ್ಯ’ ಎನ್ನುವಂತಿಲ್ಲ. ಮಗುವನ್ನು ಶಾಲೆಗೆ ಕಳಿಸಿ ಬಾಗಿಲಲ್ಲಿ ನಿಂತ ತಾಯಿಗೆ ಅದು ಅವಶ್ಯ, ಅದಕ್ಕೆ ಅವಳು ಆ ಶಬ್ದ ಬಳಸಬಹುದು. ಅವಳ ಅವಶ್ಯಕತೆಯನ್ನೂ ಇವನ ಇಷ್ಟವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವಾಗ ಇವನ ತಟ್ಟೆಗೆ ಸುಳ್ಳು ಕಲ್ಲು ಹಾಕಬಾರದು. 10ರ ಕಾನೂನಿನಿಂದ ಆ ತಾಯಿಯ ಭಯ ನಿಜವಾಗಿ ಎಷ್ಟು ಕಡಿಮೆಯಾದೀತು ಎಂದು ಅವನು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆ. ಅಂಕಿ ಅಂಶ ತಂದು ವಾದಿಸಲಿ. ಆಟ ಸತ್ತುಹೋದೀತು ಎನ್ನುವುದು ಮಾತ್ರ ವಾದವಲ್ಲ.

ಸತ್ತುಹೋಗುವುದಿಲ್ಲವೆನ್ನಲು ದೂರ ಹೋಗಬೇಕಾಗಿಲ್ಲ. ಅವನ ಆ ಪಂದ್ಯಗಳಲ್ಲೇ ರಿವಾಲ್ವರಿನವರದೊಂದು ವರ್ಗವಿದೆ. ಆರೋ ಎಂಟೋ ಗುಂಡಿಗೆ ತಿರುಗಣೆ ಬರಿದು. 32 ಗುಂಡಿನ ಸುತ್ತಿನಲ್ಲಿ ಅವರು ಮೂರು ಸಲವೋ ಐದು ಸಲವೋ ತುಂಬಬೇಕು. ಗಡಿಯಾರ ಅವರಿಗೂ ಅದೇ, ಗುರಿಗಳೂ ಅವೇ. ಬಲವಂತದಿಂದ ಅಲ್ಲಿಗೆ ಬಂದವರು ಒಬ್ಬರೂ ಇಲ್ಲ. ಹೆಚ್ಚಿನವರು ವಯಸ್ಸಾದವರು, ತುಂಬುವಾಗ ಅವರ ಬೆರಳುಗಳನ್ನು ನೋಡಲೆಂದೇ ಉಳಿದವರು ಸುತ್ತ ನೆರೆಯುತ್ತಾರೆ ಎಂದು ನನ್ನ ಸೋದರಳಿಯನೇ ಹೇಳಿದ.