ಆಟದ ಪಾಪ

ಆಟದಲ್ಲಿ ಮಾಡಿದ ಕೊಲೆಗೆ ಪಾಪವುಂಟೆ? ಡೇವಿಡ್ ಬ್ರೇಬೆನ್, ಇಯಾನ್ ಬೆಲ್ ಎಂಬ ಆಂಗ್ಲ ತರುಣರು 1984ರಲ್ಲಿ ಬಿ.ಬಿ.ಸಿ. ಮೈಕ್ರೊ ಗಣಕಕ್ಕೆಂದು ರಚಿಸಿದ ‘ಎಲೀಟ್’ ಕ್ರೀಡೆಯಲ್ಲಿ ಆಟಗಾರನು ವ್ಯೋಮನೌಕೆಯೊಂದರ ಒಡೆಯನು. ಕಿರಣಾಸ್ತ್ರಕ್ಕೆ ‘ಎ’ ಎಂಬ ಒಂದೇ ಕೀಲಿ. ಎದುರಿಗಿರುವವನು ದರೋಡೆಗಾರನಾಗಲಿ, ನಿರಪರಾಧಿ ವರ್ತಕನಾಗಲಿ, ಬೆರಳಿಗೆ ಭೇದವಿಲ್ಲ. ಕೆಡಹಿದ ನೌಕೆಗಳ ಲೆಕ್ಕದಿಂದಲೇ ಪದವಿಯು ಏರುವುದು. 6400 ಆದವನಿಗೆ ‘ಎಲೀಟ್’ ಪಟ್ಟ. ಅಪರಾಧಕ್ಕೆ ಬೇರೊಂದು ಖಾತೆಯುಂಟು, ನಿಜ. ಆದರೆ ನಕ್ಷತ್ರದಿಂದ ನಕ್ಷತ್ರಕ್ಕೆ ನೆಗೆದಂತೆಲ್ಲ ಆ ಕಳಂಕವು ಅರ್ಧರ್ಧವಾಗಿ ಸವೆಯುತ್ತದೆ. ಪದವಿಯು ಮಾತ್ರ ಸವೆಯದು! ಸತ್ತದ್ದು ಬರಿಯ ಗೆರೆಗಳ ಚಿತ್ರವೆಂದು ವಾಚಕರು ಹೇಳಬಹುದು, ನಾನೂ ಒಪ್ಪುವೆನು. ಆದರೂ ವರ್ತಕನೊಬ್ಬನನ್ನು ಮೊದಲ ಬಾರಿ ಹೊಡೆದ ರಾತ್ರಿ, ಅವನ ಸರಕನ್ನು ಬಾಚಿಕೊಳ್ಳುವ ಮುನ್ನ, ಮನೆಯವರು ಯಾರಾದರೂ ಕಂಡರೇನೋ ಎಂದು ಬಾಗಿಲ ಕಡೆಗೆ ತಿರುಗಿ ನೋಡಿದ್ದೆನು.